ಗುಳೆ ಹೊರಡುವ ಮೊದಲೇ ಸಿಗಬೇಕಾದ ಅರಿವು

ಗಂಗಾವತಿಯ ಕಾಲುವೆ ಸೀಮೆಯಲ್ಲಿ ತುಂಗಭದ್ರೆಯ ನೀರು, ಭತ್ತ, ಅಕ್ಕಿ ಗಿರಣಿ, ಲಾರಿಗಳ ಓಡಾಟ. ಕುಷ್ಟಗಿ, ಯಲಬುರ್ಗಾದ ಬಹುಪಾಲು ಹೊಲಗಳಿಗೆ ಮಳೆಯೇ ಗತಿ. ಮಳೆ ಕೈಕೊಟ್ಟರೆ ಅಲ್ಲಿನ ಹರೆಯದವರು ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುತ್ತಾರೆ. ಎಚ್‌ಐವಿ ಮಾತು ಬಂದಾಗಲೆಲ್ಲ ಈ ಗುಳೆಯನ್ನೇ ದೂರುವವರಿದ್ದಾರೆ. ದುಡಿಯಲು ಹೋಗುವುದರಿಂದ ಯಾರಿಗೂ ಸೋಂಕು ಬರದು. ಮನೆಯಿಂದ ದೂರದಲ್ಲಿ, ಮೊದಲ ಸಂಬಳ ಕೈಗೆ ಬಂದ ಹೊತ್ತಿನಲ್ಲಿ, ಕಾಂಡೋಮ್ ಬಗ್ಗೆ ಗೆಳೆಯರ ಪಿಸುಮಾತಿನಷ್ಟೇ ತಿಳಿದಿರುವುದು ಅಪಾಯ. ಹಾಗಾಗಿ ಈ ತಿಳಿವಳಿಕೆ ಬಸ್ಸು ಹತ್ತುವ ಮುನ್ನ, ಊರಿನ ಹೈಸ್ಕೂಲು, ಪಿಯು ಕಾಲೇಜುಗಳಲ್ಲೇ ಸಿಗಬೇಕು.

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ಆಕ್ಷೇಪ ಹಳೆಯದು. ಅದೇ ಅಂಜಿಕೆಯಿಂದ 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಶಾಲೆಯ ಹದಿಹರೆಯ ಶಿಕ್ಷಣಕ್ಕೆ ತಡೆ ಹಾಕಿದವು. ಹೆತ್ತವರ ಆತಂಕ ಸಹಜವೇ. ಆದರೆ ಯುನೆಸ್ಕೊ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಇಂಥ ಪಾಠ ಕೇಳಿದ ಮಕ್ಕಳು ಲೈಂಗಿಕ ಸಂಪರ್ಕಕ್ಕೆ ಬೇಗ ಇಳಿದದ್ದು ಕಾಣಲಿಲ್ಲ. ಕೆಲವೆಡೆ ತಡವಾಗಿಯೇ ಇಳಿದರು, ಕಾಂಡೋಮ್ ಬಳಕೆಯೂ ಹೆಚ್ಚಿತು. ನಡತೆ ಬದಲಾದರೆ ಸೋಂಕು ಇಳಿಯುತ್ತದೆ ಎಂಬುದಕ್ಕೆ ನಮ್ಮ ನೆಲದ ಸಾಕ್ಷ್ಯವೂ ಇದೆ. ಕರ್ನಾಟಕ, ತಮಿಳುನಾಡು, ಆಂಧ್ರ, ಮಹಾರಾಷ್ಟ್ರಗಳಲ್ಲಿ ಬಸಿರಿನ ತಪಾಸಣೆಗೆ ಬಂದ 15ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎಚ್‌ಐವಿ ಪ್ರಮಾಣ 2000ದಲ್ಲಿ ಶೇ 1.7 ಇದ್ದದ್ದು 2004ಕ್ಕೆ ಶೇ 1.1ಕ್ಕೆ ಇಳಿಯಿತೆಂದು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಇದು ಔಷಧದಿಂದ ಆದದ್ದಲ್ಲ. ಸರ್ಕಾರದ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ) ಶುರುವಾದದ್ದೇ 2004ರ ಏಪ್ರಿಲ್‌ನಲ್ಲಿ. ಗಂಡಸರು ಕಾಂಡೋಮ್ ಹೆಚ್ಚು ಬಳಸಿದ್ದು, ಇಲ್ಲವೇ ಲೈಂಗಿಕ ವೃತ್ತಿಯ ಮಹಿಳೆಯರ ಬಳಿ ಹೋಗುವುದನ್ನು ಕಡಿಮೆ ಮಾಡಿದ್ದು ಕಾರಣವಿರಬೇಕೆಂದು ಸಂಶೋಧಕರು ಕಂಡರು. ಬದಲಾದದ್ದು ಗಂಡಸರ ನಡತೆ, ಉಳಿದದ್ದು ಮನೆಯ ಹೆಣ್ಣುಮಕ್ಕಳ ಜೀವ.

ನಿಷ್ಠೆಯೊಂದಿದ್ದರೆ ಸಾಲದೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಇಬ್ಬರೂ ಪರೀಕ್ಷೆ ಮಾಡಿಸಿ, ಇಬ್ಬರೂ ನಿಷ್ಠರಾಗಿದ್ದರೆ ಸಾಕು. ಒಬ್ಬಳ ನಿಷ್ಠೆ ಮಾತ್ರ ಅವಳನ್ನು ಕಾಯಲಾರದು. ವೈರಸ್ಸು ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ಇರಬಲ್ಲದು. ತಾನು ಹೊತ್ತು ತಂದದ್ದು ಗಂಡನಿಗೇ ತಿಳಿದಿರಲಿಕ್ಕಿಲ್ಲ.

ಈಗ ಮಾತ್ರೆ ಇದೆಯಲ್ಲ, ಭಯವೇಕೆ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸೋಂಕು ಪತ್ತೆಯಾದ ಕೂಡಲೇ ಚಿಕಿತ್ಸೆ ಎಂಬ ನೀತಿ 2017ರಿಂದ ಜಾರಿಯಲ್ಲಿದೆ. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ಸು ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕ ಸೋಂಕು ದಾಟುವುದಿಲ್ಲ. ಆದರೆ ಅದು ಜೀವನಪೂರ್ತಿ ನುಂಗಬೇಕಾದ ಮಾತ್ರೆ. ಸಿಫಿಲಿಸ್, ಗೊನೋರಿಯಾಗಳನ್ನು ಅದು ತಡೆಯದು. ಅದಕ್ಕೂ ಮೊದಲು ಸೋಂಕು ಇದೆಯೆಂದು ಗೊತ್ತಾಗಬೇಕಲ್ಲ! ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ (ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಪರೀಕ್ಷೆ ಉಚಿತ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಫಲಿತಾಂಶದ ಗುಟ್ಟು ಕಾಯುತ್ತದೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆ ನೆಗೆಟಿವ್ ಬರಬಹುದು, ಮೂರು ತಿಂಗಳ ಬಳಿಕ ಮತ್ತೊಮ್ಮೆ ಮಾಡಿಸಬೇಕು. ಅನುಮಾನವಿದ್ದರೆ ಹೆಸರು ಹೇಳದೆಯೂ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಬಹುದು.