ಬಿಸಿಲಿನ ಅಳತೆ ಸೆಕೆಯಲ್ಲ, ನೆರಳು

ಮರುಭೂಮಿಯೆಂದೊಡನೆ ಸುಡುಬಿಸಿಲಿನ ಚಿತ್ರ ಕಣ್ಣಮುಂದೆ ನಿಲ್ಲುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಮರುಭೂಮಿಯಲ್ಲ. 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡ ಹೆಲಿಕಾಪ್ಟರ್ ಕಾರ್ಖಾನೆಯಿಂದ ನಾಡಿಗೆ ಪರಿಚಿತವಾದ ಬಯಲುಸೀಮೆಯ ನೆಲ. ಆದರೂ ಒಂದು ವಿಷಯದಲ್ಲಿ ಮರುಭೂಮಿಗಿರುವ ವಿರಾಮ ನಮಗಿಲ್ಲ.

ಮೈಗೆ ತಟ್ಟುವ ಸೆಕೆ ಬೇರೆ, ಚರ್ಮವನ್ನೂ ಕಣ್ಣನ್ನೂ ಕೆಡಿಸುವ ನೇರಳಾತೀತ ಕಿರಣ ಬೇರೆ. ಈ ಕಿರಣ ಕಣ್ಣಿಗೆ ಕಾಣದು, ಮೈಗೆ ಬಿಸಿಯೆನಿಸದು. ಇದರ ಅತಿ ಹಾನಿಕರ ಭಾಗದ ಬಹುಪಾಲನ್ನು ವಾಯುಮಂಡಲದ ಓಜೋನ್ ಹೀರಿಕೊಳ್ಳುತ್ತದೆ. ಸೂರ್ಯನು ನೆತ್ತಿಗೆ ಸಮೀಪಿಸಿದಷ್ಟೂ ಕಿರಣಗಳು ದಾಟಿಬರುವ ಹಾದಿ ಕಿರಿದಾಗಿ, ನೆಲ ಮುಟ್ಟುವ ಪಾಲು ಹೆಚ್ಚುತ್ತದೆ.

ರಾಜಸ್ಥಾನದ ಥಾರ್ ಮರುಭೂಮಿಯ ಜೈಸಲ್ಮೇರಿನಲ್ಲಿ ಡಿಸೆಂಬರ್ ನಡುಹಗಲು ಸೂರ್ಯ ತಗ್ಗಿನಲ್ಲಿರುತ್ತಾನೆ. 5 ಅಡಿ ಎತ್ತರದವರ ನೆರಳು ಆಗ ಸುಮಾರು 6 ಅಡಿ. ಅದೇ ದಿನ ನಮ್ಮ ಗುಬ್ಬಿಯಲ್ಲಿ ಅಂಥವರ ನೆರಳು 4 ಅಡಿಗೂ ಕಡಿಮೆ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ನೇರಳಾತೀತ ಕಿರಣ ಪ್ರಬಲವಾಗಿದೆಯೆಂದು ತಿಳಿಯಬೇಕು. ನಮ್ಮಲ್ಲಿ ವರ್ಷದ ಯಾವ ನಡುಹಗಲೂ ಇದಕ್ಕೆ ಹೊರತಲ್ಲ. ಸಾಲದುದಕ್ಕೆ, ಜನವರಿಯ ಆರಂಭದಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪದಲ್ಲಿರುವುದರಿಂದ ಜುಲೈಗಿಂತ ಸುಮಾರು ಶೇ. 7ರಷ್ಟು ಹೆಚ್ಚು ಸೌರಶಕ್ತಿ ಭೂಮಿಯನ್ನು ತಲುಪುತ್ತದೆ. ಮಾರ್ಗಶಿರದ ತಂಗಾಳಿಯಲ್ಲಿ ರಾಗಿ ಕೊಯ್ಯುವವರು, ಕಣದಲ್ಲಿ ಒಕ್ಕುವವರು ‘ಈಗೆಲ್ಲಿಯ ಬಿಸಿಲು’ ಎಂದುಕೊಂಡರೆ ಮೋಸಹೋದಂತೆಯೇ.

ಹವೆಯೂ ಹೀಗೆಯೇ ಕಣ್ಣುಕಟ್ಟುತ್ತದೆ. ಬೇಸಿಗೆಯಲ್ಲಿ ಥಾರ್‌ನ ಧೂಳುಗಾಳಿ ಬವಣೆಯೇ ಆದರೂ ಕಿರಣಗಳ ಒಂದು ಪಾಲನ್ನು ತಡೆಯುತ್ತದೆ. ಮಳೆ ಬಂದು ಧೂಳು ತೊಳೆದುಹೋದರೆ ನಿರ್ಮಲ ಆಕಾಶದಿಂದ ಅವು ಸರಾಗವಾಗಿ ಇಳಿಯುತ್ತವೆ. ದಟ್ಟ ಮಳೆಮೋಡ ಒಳ್ಳೆಯ ಮರೆ, ತೆಳುಮೋಡ ಹಾಗಲ್ಲ. ಚದುರಿದ ಬಿಳಿಮೋಡಗಳ ಅಂಚಿನಿಂದ ಬೆಳಕು ಚೆದರಿ, ಕೆಲವು ಗಳಿಗೆ ಕಿರಣ ಹೆಚ್ಚುವುದೂ ಉಂಟು. ನಮ್ಮಲ್ಲಿ ಸೂರ್ಯನು ನೇರ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ ನಾಲ್ಕನೆಯ ವಾರ ಹಾಗೂ ಆಗಸ್ಟ್ ಮೂರನೆಯ ವಾರ. ಮೊದಲನೆಯದನ್ನು ಸೆಕೆ ತಿಳಿಸುತ್ತದೆ. ಎರಡನೆಯದನ್ನು ಶ್ರಾವಣದ ತಂಪು ಮರೆಸುತ್ತದೆ.

ನಮ್ಮ ಮೈಬಣ್ಣ ಚರ್ಮಕ್ಕೆ ತಕ್ಕಮಟ್ಟಿನ ರಕ್ಷೆ, ಕಣ್ಣಿಗೆ ಆ ರಕ್ಷೆಯಿಲ್ಲ. ವರ್ಷಗಟ್ಟಲೆ ಬಯಲಿನಲ್ಲಿ ದುಡಿದವರಿಗೆ ಕಣ್ಣಿನ ಪೊರೆ ಬೇಗ ಬರಲು ಈ ಕಿರಣವೂ ಒಂದು ಕಾರಣ. ಮುಂಡಾಸು ನೆತ್ತಿಯನ್ನು ಕಾಯುತ್ತದೆ, ಕಣ್ಣನ್ನಲ್ಲ. ಅಗಲ ಅಂಚಿನ ಟೋಪಿ, ಕೊಡೆ, ಮುಂದಕ್ಕೆ ಎಳೆದ ಸೆರಗು ಮೇಲು. ನೇರಳಾತೀತ ಕಿರಣ ತಡೆಯುವ ಗುಣವಿಲ್ಲದ ಬರಿಯ ಕಪ್ಪು ಕನ್ನಡಕದಿಂದ ಪ್ರಯೋಜನವಿಲ್ಲ. ಕತ್ತಲೆಗೆ ಪಾಪೆ ಅಗಲಿಸಿ ಕೆಡುಕೇ ಹೆಚ್ಚಬಹುದು.

ಬಿಸಿಲೇ ಬೇಡವೆನ್ನಲಾಗದು, ಎಲುಬಿಗೆ ಬೇಕಾದ ಡಿ ಜೀವಸತ್ವವನ್ನು ಮೈ ತಯಾರಿಸುವುದು ಇದೇ ಕಿರಣದಿಂದ. ಮಿತವರಿತು ಪಡೆದರೆ ಸಾಕು. ಮನೆಯ ಹಿರಿಯರು ಹೊಲಕ್ಕೆ, ಮಕ್ಕಳು ಆಟಕ್ಕೆ ಹೊರಡುವಾಗ ಸೆಕೆಯನ್ನು ಕೇಳಬೇಡಿ, ಕಾಲಬುಡದ ನೆರಳನ್ನು ನೋಡಿ. ಅದು ಯಾವ ಋತುವಿನಲ್ಲಿಯೂ ಸುಳ್ಳು ಹೇಳದು.