ಓಡದ ಕಾರಿನ ವೇಗ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗ ನಮ್ಮಲ್ಲಿಗೆ ಬಂದಿದ್ದಾಗ ಟೆಲಿವಿಷನ್ನಿಗೆ ಒಂದು ಸಣ್ಣ ಯಂತ್ರವನ್ನು ಜೋಡಿಸಿಕೊಂಡು ಕಾರಿನ ಆಟವಾಡುತ್ತಿದ್ದ. ಮೇಲ್ಛಾವಣಿಯಿಲ್ಲದ ಕೆಂಪು ಕಾರು; ಒಳಗೆ ಒಬ್ಬ ಗಂಡಸು, ಪಕ್ಕದಲ್ಲಿ ಹೊಂಬಣ್ಣದ ಕೂದಲಿನ ಒಬ್ಬ ಹೆಂಗಸು; ರಸ್ತೆಯ ಬದಿಯಲ್ಲಿ ತಾಳೆಯ ಜಾತಿಯ ಮರಗಳು, ಆಚೆಗೆ ಸಮುದ್ರ. ಬೆತ್ತದ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ ನಾನು ತಲೆಯೆತ್ತಿ ನೋಡಿದೆ. ರಸ್ತೆ ಎಡಕ್ಕೆ ತಿರುಗಿತು. ಹುಡುಗ ಎಡಕ್ಕೆ ವಾಲಿದ. ಅದು ಸಹಜ, ಹುಡುಗರು ವಾಲುತ್ತಾರೆ. ಆದರೆ ಮರುಕ್ಷಣ ಒಂದು ಲಾರಿ ಎದುರಿಗೆ ಬೆಳೆದು ನಿಂತಾಗ ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತಿತು. ಇಲ್ಲದ ಬ್ರೇಕನ್ನು ಹುಡುಕಿತು.

“ನೀನ್ಯಾಕೆ ಕಾಲು ಒತ್ತುತ್ತಿದ್ದೀಯ, ತಾತ?” ಎಂದು ಅವನು ನಕ್ಕ. ನಾನೂ ನಕ್ಕೆ. ಆದರೆ ಪತ್ರಿಕೆಗೆ ಹಿಂತಿರುಗಲು ಆಗಲಿಲ್ಲ. ಆ ಕಾರು ಓಡುತ್ತಿರಲಿಲ್ಲ. ತೆರೆಯ ಕೆಳಭಾಗದಲ್ಲಿ ಅದು ಇದ್ದಲ್ಲೇ ಇತ್ತು. ತುಸು ಎಡಕ್ಕೆ, ತುಸು ಬಲಕ್ಕೆ ಸರಿದರೆ ಅದೇ ಹೆಚ್ಚು. ಕುರ್ಚಿಯೂ ಓಡುತ್ತಿರಲಿಲ್ಲ. ಹಾಗಿದ್ದರೆ ಎಪ್ಪತ್ತು ದಾಟಿದ ಒಂದು ಕಾಲನ್ನು ಹೆದರಿಸಿದ್ದು ಯಾವುದು? ಈ ಪ್ರಶ್ನೆ ನನಗೆ ಕೇವಲ ಕುತೂಹಲದ್ದಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ತೆರೆಯ ಮೂಲೆಯಲ್ಲಿ ವೇಗವನ್ನು ತೋರಿಸುವ ಒಂದು ಅಂಕಿ ಇತ್ತು. ಈ ಆಟದಲ್ಲಿ ಅದು ಗಂಟೆಗೆ 293 ಕಿಲೋಮೀಟರಿನವರೆಗೆ ಏರುತ್ತದೆ. ಹೆದರಿಸಿದ್ದು ಅದಲ್ಲ, ನಾನು ಅದನ್ನು ನೋಡಿಯೇ ಇರಲಿಲ್ಲ. ಯಾವ ಚಕ್ರಕ್ಕೂ ತಗುಲಿಕೊಂಡಿರದ, ಬರಿದೆ ಬರೆದ ಅಂಕಿ ಅದು. ನಿಜವಾದ ಅಂಕಿಗೂ ನಮ್ಮ ಅನುಭವಕ್ಕೂ ಅಂಥ ನಂಟೇನೂ ಇಲ್ಲ. ಗಂಟೆಗೆ ಒಂಬೈನೂರು ಕಿಲೋಮೀಟರು ಹಾರುವ ವಿಮಾನದ ಕಿಟಕಿಯಲ್ಲಿ ಮೋಡಗಳು ನಿಂತಂತೆಯೇ ಕಾಣುತ್ತವೆ, ನಾವು ನಿದ್ದೆ ಹೋಗುತ್ತೇವೆ. ಅದೇ ಸೈಕಲ್ಲು ಏರಿ ಇಳಿಜಾರಿನ ಓಣಿಯಲ್ಲಿ ಬ್ರೇಕು ಬಿಟ್ಟವನಿಗೆ ಇಪ್ಪತ್ತೈದು ಕಿಲೋಮೀಟರಿಗೇ ಜೀವ ಬಾಯಿಗೆ ಬರುತ್ತದೆ. ವೇಗವೆಂಬುದು ಒಂದು, ವೇಗದ ಅನುಭವವೆಂಬುದು ಇನ್ನೊಂದು.

ರೈಲಿನ ಕಿಟಕಿಯ ಬಳಿ ಕುಳಿತವರಿಗೆಲ್ಲ ಈ ಎರಡನೆಯದರ ಗುಟ್ಟು ಅರ್ಧ ಗೊತ್ತು. ಹಳಿಯ ಪಕ್ಕದ ಕಲ್ಲು ಕಣ್ಣಿಗೆ ಸಿಕ್ಕುವ ಮುನ್ನವೇ ಮಾಯವಾಗುತ್ತದೆ. ದೂರದ ಗುಡ್ಡ ನಮ್ಮೊಡನೆಯೇ ಬರುವಂತೆ ತೋರುತ್ತದೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 72 ಕಿಲೋಮೀಟರು ಎಂದರೆ ಸೆಕೆಂಡಿಗೆ 20 ಮೀಟರು. ನಮ್ಮಿಂದ 2 ಮೀಟರು ದೂರದಲ್ಲಿರುವ ಕಲ್ಲೊಂದು ಪಕ್ಕಕ್ಕೆ ಬಂದ ಗಳಿಗೆಯಲ್ಲಿ ಸೆಕೆಂಡಿಗೆ ಸುಮಾರು 570 ಡಿಗ್ರಿಯ ರಭಸದಲ್ಲಿ ಕಣ್ಣಮುಂದೆ ಜಾರುತ್ತದೆ. 2 ಕಿಲೋಮೀಟರು ಆಚೆಯ ಗುಡ್ಡ ಜಾರುವುದು ಅದರ ಸಾವಿರದಲ್ಲಿ ಒಂದು ಪಾಲು, ಸುಮಾರು ಅರ್ಧ ಡಿಗ್ರಿ. ರೈಲು ಒಂದೇ, ವೇಗ ಒಂದೇ. ಕಣ್ಣಿಗೆ ತಲುಪುವುದು ವೇಗವಲ್ಲ. ವೇಗವನ್ನು ದೂರದಿಂದ ಭಾಗಿಸಿದರೆ ಬರುವ ಫಲ.

ಇದನ್ನು ಶಾಸ್ತ್ರವಾಗಿ ನಿಲ್ಲಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ ಮುಖ್ಯರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ವಿಮಾನಚಾಲಕರ ದೃಷ್ಟಿಯನ್ನು ಕುರಿತು ಕೆಲಸ ಮಾಡಿದರು. 1950ರಲ್ಲಿ ಬಂದ ಅವರ ಗ್ರಂಥದಲ್ಲಿ ಆ ವಿಚಾರಗಳಿವೆ. ಮುಂದಕ್ಕೆ ಸಾಗುವವನ ಕಣ್ಣಿಗೆ ಇಡೀ ದೃಶ್ಯ ಒಂದು ಪ್ರವಾಹವಾಗಿ ಹರಿಯುತ್ತದೆ. ತಾನು ಹೋಗಬೇಕಾದ ಬಿಂದು ಮಾತ್ರ ನಿಶ್ಚಲ; ಅದರಿಂದ ಹೊರಟ ಎಲ್ಲವೂ ಹೂವಿನ ದಳಗಳಂತೆ ಅರಳಿ, ಅಂಚಿಗೆ ಬರುತ್ತ ಬರುತ್ತ ರಭಸ ಹೆಚ್ಚಿಸಿಕೊಂಡು ನಮ್ಮ ಹಿಂದಕ್ಕೆ ಸುರಿದುಹೋಗುತ್ತದೆ. ಈ ಪ್ರವಾಹವನ್ನು ಕಂಡಾಗ ನಮ್ಮ ಮಿದುಳು ‘ನಾನು ಚಲಿಸುತ್ತಿದ್ದೇನೆ’ ಎಂದು ತೀರ್ಮಾನಿಸುತ್ತದೆ, ಕುರ್ಚಿಯನ್ನು ಕೇಳುವುದಿಲ್ಲ.

ಕಾರಿನ ಆಟಗಳನ್ನು ಮಾಡಿದವರು ಗಿಬ್ಸನ್‌ರನ್ನು ಓದಿದ್ದರೋ ಇಲ್ಲವೋ, ಅವರು ಹಿಡಿದ ದಾರಿ ಇದೇ. 1976ರಲ್ಲಿ ಅಮೆರಿಕದ ಅಟಾರಿ ಕಂಪನಿ ‘ನೈಟ್ ಡ್ರೈವರ್’ ಎಂಬ ನಾಣ್ಯದ ಆಟವನ್ನು ಹೊರತಂದಿತು. ಅಂದಿನ ಯಂತ್ರಕ್ಕೆ ರಸ್ತೆಯನ್ನು, ಮರವನ್ನು, ಬೆಟ್ಟವನ್ನು ಬರೆಯುವ ಶಕ್ತಿ ಇರಲಿಲ್ಲ. ಅದಕ್ಕೆ ಅವರು ಮಾಡಿದ ಉಪಾಯ ರಾತ್ರಿ. ತೆರೆಯೆಲ್ಲ ಕಪ್ಪು, ಎರಡೂ ಬದಿಗೆ ಬಿಳಿಯ ಸಣ್ಣ ಆಯತಗಳು, ಹೆದ್ದಾರಿಯ ಅಂಚಿನ ಗೂಟಗಳು ದೀಪದ ಬೆಳಕಿಗೆ ಹೊಳೆದ ಹಾಗೆ. ಅವು ದೂರದಲ್ಲಿ ಚುಕ್ಕೆಯಾಗಿ ಹುಟ್ಟಿ, ಹಿಗ್ಗುತ್ತ ಬಂದು, ಅಂಚಿನಲ್ಲಿ ಬಿದ್ದುಹೋಗುತ್ತವೆ. ಇಷ್ಟೇ. ಇನ್ನು ಕಾರು? ಅದನ್ನು ಯಂತ್ರ ಬರೆಯುತ್ತಲೇ ಇರಲಿಲ್ಲ. ಗಾಜಿನ ಕೆಳಭಾಗಕ್ಕೆ ಕಾರಿನ ಒಂದು ಚಿತ್ರವನ್ನು ಹೊರಗಿನಿಂದ ಹಚ್ಚಿದ್ದರು. ಜನ ನಾಣ್ಯ ಹಾಕಿ, ಆ ಅಂಟಿಸಿದ ಕಾರನ್ನು ಕತ್ತಲಲ್ಲಿ ಓಡಿಸಿದರು. ಬಡತನದಲ್ಲಿ ಹುಟ್ಟಿದ ಈ ಆಟ ಮುಖ್ಯವಾದ ಒಂದು ಸಂಗತಿಯನ್ನು ತೋರಿಸಿಕೊಟ್ಟಿತು: ವೇಗಕ್ಕೆ ಕಾರು ಬೇಡ, ರಸ್ತೆಯೂ ಬೇಡ, ಪಕ್ಕದಲ್ಲಿ ಹಾದುಹೋಗುವ ಗೂಟ ಸಾಕು. ಮೊದಲ ಸಲ ಇದನ್ನು ಓದಿದಾಗ ನನಗೆ ನಮ್ಮ ಬಯಲಾಟದ ರಥ ನೆನಪಾಯಿತು. ಅಲ್ಲಿಯೂ ರಥವಿಲ್ಲ.

1982ರಲ್ಲಿ ಜಪಾನಿನ ನಾಮ್ಕೊ ಕಂಪನಿಯ ‘ಪೋಲ್ ಪೊಸಿಷನ್’ ಬಂತು. ಅದರಲ್ಲಿ ಬಣ್ಣ, ಫೂಜಿಯ ಪಂದ್ಯದ ರಸ್ತೆ, ಬದಿಯಲ್ಲಿ ದೊಡ್ಡ ಜಾಹೀರಾತು ಫಲಕಗಳು. ಆದರೆ ನಾನು ಹೆಚ್ಚು ಹೇಳಬೇಕಾದದ್ದು ಮೊಮ್ಮಗ ಆಡುತ್ತಿದ್ದ ಆಟವನ್ನು ಕುರಿತು. ಅದು 1986ರ ‘ಔಟ್ ರನ್’. ಸೆಗಾ ಕಂಪನಿಯ ಯು ಸುಜುಕಿ ಎಂಬವರ ಕೃತಿ. ಅದನ್ನು ಸಿದ್ಧಪಡಿಸಲು ಅವರು ಯೂರೋಪಿನ ರಸ್ತೆಗಳಲ್ಲಿ ಕಾರಿನಲ್ಲಿ ಸುತ್ತಿ ಬಂದರಂತೆ. ಮೊದಲು ಅಮೆರಿಕವನ್ನು ಯೋಚಿಸಿ, ಅಲ್ಲಿಯ ನೆಲ ತೀರ ವಿಶಾಲ, ನೋಟ ಬದಲಾಗುವುದು ನಿಧಾನ ಎಂದು ಕೈಬಿಟ್ಟರಂತೆ. ನನಗೆ ಇದು ಬಹಳ ಸೂಕ್ಷ್ಮವಾದ ನಿರ್ಧಾರವೆಂದು ತೋರುತ್ತದೆ. ಬಯಲಿನಲ್ಲಿ ಎಷ್ಟು ಓಡಿದರೂ ಓಡಿದಂತಲ್ಲ.

ಆ ಕಾಲದ ಯಂತ್ರದಲ್ಲಿ ನಿಜವಾದ ಆಳವಿಲ್ಲ. ಪ್ರತಿಯೊಂದು ಮರವೂ ರಟ್ಟಿನ ಮೇಲಿನ ಚಿತ್ರದಂತೆ ಚಪ್ಪಟೆ. ಯಂತ್ರ ಮಾಡುವ ಕೆಲಸವೊಂದೇ, ಆ ಚಿತ್ರವನ್ನು ಕ್ಷಣಕ್ಷಣಕ್ಕೂ ಹಿಗ್ಗಿಸುವುದು. ಆದರೆ ಹೇಗೆ ಹಿಗ್ಗಿಸಬೇಕು ಎಂಬಲ್ಲಿ ಎಲ್ಲವೂ ಇದೆ. ಸೆಕೆಂಡಿಗೆ 50 ಮೀಟರು ಹೋಗುವ ಕಾರಿಗೆ 100 ಮೀಟರು ದೂರದಲ್ಲಿ ಒಂದು ಮರ ಕಂಡಿತೆನ್ನಿ. 50 ಮೀಟರಿಗೆ ಬರುವಾಗ ಅದು ಇಮ್ಮಡಿಯಾಗುತ್ತದೆ. ಅದಕ್ಕೆ ಒಂದು ಸೆಕೆಂಡು. ಮತ್ತೆ ಇಮ್ಮಡಿಯಾಗಲು ಅರ್ಧ ಸೆಕೆಂಡು. ಮತ್ತೊಮ್ಮೆ, ಕಾಲು ಸೆಕೆಂಡು. ಮತ್ತೊಮ್ಮೆ, ಅರೆಕಾಲು. ಬಹಳ ಹೊತ್ತು ಸುಮ್ಮನಿದ್ದ ಮರ ಕೊನೆಯ ಚಿಟಿಕೆ ಹೊತ್ತಿನಲ್ಲಿ ಸ್ಫೋಟಿಸಿ ತೆರೆಯನ್ನೇ ತುಂಬಿ ಹೋಗುತ್ತದೆ. ನನ್ನ ಕಾಲು ಹೆದರಿದ್ದು ಈ ಸ್ಫೋಟಕ್ಕೆ. ಲಾರಿ ಬಂದದ್ದಕ್ಕಲ್ಲ, ಲಾರಿ ಬೆಳೆದದ್ದಕ್ಕೆ.

ಔಟ್ ರನ್ನಿನಲ್ಲಿ ಮೊದಲ ಹಂತದ ಕೊನೆಗೆ ದಾರಿ ಕವಲೊಡೆಯುತ್ತದೆ. ಎಡಗಡೆಯ ದಾರಿಯಲ್ಲಿ ರಸ್ತೆಗೆ ಅಡ್ಡಲಾಗಿ ಸಾಲುಸಾಲು ಕಲ್ಲಿನ ಕಮಾನುಗಳು. ಕಾರಿನ ವೇಗ ಬದಲಾಗದಿದ್ದರೂ ಅಲ್ಲಿ ಉಸಿರು ಬಿಗಿಯುತ್ತದೆ. ಬದಿಯಲ್ಲಷ್ಟೇ ಇದ್ದ ಪ್ರವಾಹ ಈಗ ತಲೆಯ ಮೇಲೂ ಹರಿಯುತ್ತಿದೆ. ಜತೆಗೆ, ಎಲ್ಲವೂ ಹತ್ತಿರ. ಕಮಾನು ಮುಗಿದು ಬಯಲು ಬಂದೊಡನೆ ಅದೇ ಕಾರು ಅದೇ ವೇಗದಲ್ಲಿ ಮಂದವಾಗುತ್ತದೆ.

ಹಾಗಾದರೆ ಗೂಟಗಳನ್ನೂ ಪಟ್ಟೆಗಳನ್ನೂ ದಟ್ಟವಾಗಿ ತುಂಬಿಬಿಟ್ಟರಾಯಿತಲ್ಲ ಎನ್ನಬಹುದು. ಅಲ್ಲೊಂದು ತೊಡಕಿದೆ. ತೆರೆಯ ಮೇಲಿನ ಚಲನೆ ನಿರಂತರವಲ್ಲ. ಸಿನಿಮಾದಂತೆ ನಿಂತ ಚಿತ್ರಗಳ ಸರಣಿ. ಸೆಕೆಂಡಿಗೆ 30 ಚಿತ್ರಗಳಾದರೆ ಮೇಲೆ ಹೇಳಿದ ಕಾರು ಒಂದು ಚಿತ್ರದಿಂದ ಇನ್ನೊಂದಕ್ಕೆ ಸುಮಾರು 1.67 ಮೀಟರಿನಷ್ಟು ಜಿಗಿಯುತ್ತದೆ. ರಸ್ತೆಯ ಪಟ್ಟೆಗಳ ಅಂತರವೂ ಅಷ್ಟೇ ಆಗಿಬಿಟ್ಟರೆ, ಒಂದು ಪಟ್ಟೆಯ ಜಾಗಕ್ಕೆ ಸರಿಯಾಗಿ ಇನ್ನೊಂದು ಬಂದು ಕೂತು, ರಸ್ತೆ ನಿಂತೇಹೋಗುತ್ತದೆ! ಇನ್ನೂ ತುಸು ವೇಗವಿಲ್ಲದಿದ್ದರೆ ಹಿಂದಕ್ಕೆ ಹರಿಯುತ್ತದೆ. ಹಳೆಯ ಚಲನಚಿತ್ರಗಳಲ್ಲಿ ಗಾಡಿಯ ಚಕ್ರ ಹಿಮ್ಮುಖವಾಗಿ ತಿರುಗುವುದನ್ನು ನೀವು ನೋಡಿರುತ್ತೀರಿ; ಅದೇ ದೋಷ. ಆದ್ದರಿಂದ ಪಟ್ಟೆಗಳು ಅಗಲವಾಗಿರಬೇಕು, ಚಿತ್ರಗಳ ಸಂಖ್ಯೆ ಹೆಚ್ಚಾಗಿರಬೇಕು. 1998ರಲ್ಲಿ ನಿಂಟೆಂಡೊ ಕಂಪನಿ ‘ಎಫ್-ಜೀರೋ ಎಕ್ಸ್’ ಎಂಬ ಆಟದಲ್ಲಿ ಮೂವತ್ತು ವಾಹನಗಳನ್ನು ಒಟ್ಟಿಗೆ ಓಡಿಸಿತು. ಸೆಕೆಂಡಿಗೆ 60 ಚಿತ್ರಗಳನ್ನು ಬಿಡದೆ ತೋರಿಸಬೇಕೆಂಬ ಹಟಕ್ಕೆ ಬಿದ್ದು ಸುತ್ತಲಿನ ದೃಶ್ಯದ ಅಲಂಕಾರವನ್ನು ಬಹುಮಟ್ಟಿಗೆ ಕಳಚಿಹಾಕಿದರು. ಚೆಲುವನ್ನು ಕೊಟ್ಟು ವೇಗವನ್ನು ಕೊಂಡರು. ನನ್ನ ಮಟ್ಟಿಗೆ ಅದು ಸರಿಯಾದ ವ್ಯಾಪಾರ.

ಕಣ್ಣಿನ ಎತ್ತರದ ವಿಚಾರವೂ ಸ್ವಾರಸ್ಯವಾದದ್ದು. ನೆಲಕ್ಕೆ ಹತ್ತಿರ ಕುಳಿತಷ್ಟೂ ನೆಲ ಬೇಗ ಜಾರುತ್ತದೆ. ಬಸ್ಸಿನ ಚಾಲಕನಿಗಿಂತ ಕಾರಿನವನಿಗೆ, ಕಾರಿನವನಿಗಿಂತ ನೆಲಮಟ್ಟದ ಪಂದ್ಯದ ಬಂಡಿಯವನಿಗೆ ಅದೇ ವೇಗ ಹೆಚ್ಚೆನ್ನಿಸುತ್ತದೆ. ಬೋಯಿಂಗ್ 747 ವಿಮಾನಗಳು 1970ರಲ್ಲಿ ಬಳಕೆಗೆ ಬಂದಾಗ, ತಗ್ಗಿನ ವಿಮಾನಗಳಿಗೆ ಒಗ್ಗಿದ್ದ ಚಾಲಕರು ಎತ್ತರದ ಈ ಹೊಸ ಆಸನದಿಂದ ನೋಡುತ್ತ, ನೆಲದ ಮೇಲೆ ಅಗತ್ಯಕ್ಕಿಂತ ಜೋರಾಗಿ ಓಡಿಸುತ್ತಿದ್ದರು. ಆಟ ಕಟ್ಟುವವರು ಇದನ್ನರಿತು ನಮ್ಮ ಕಣ್ಣನ್ನು ರಸ್ತೆಗೆ ಇಳಿಸುತ್ತಾರೆ. ಈಚಿನ ಆಟಗಳಲ್ಲಿ ಕಾರು ವೇಗ ಹೆಚ್ಚಿಸಿಕೊಂಡ ಹಾಗೆ ನೋಟದ ಹರವನ್ನೂ ಮೆಲ್ಲನೆ ಅಗಲಿಸುತ್ತಾರೆ. ಅಂಚುಗಳಲ್ಲಿ ಪ್ರವಾಹ ಇನ್ನಷ್ಟು ರಭಸವಾಗುತ್ತದೆ. ಅಂಚನ್ನು ಮಸುಕಾಗಿಸುವುದು, ತೆರೆಯನ್ನು ನಡುಗಿಸುವುದು ಮುಂತಾದವನ್ನು ನಾನು ಮಸಾಲೆ ಎನ್ನುತ್ತೇನೆ. ಊಟ ಬೇರೆಯೇ ಇದೆ. ಶಬ್ದ ಮಾತ್ರ ಮಸಾಲೆಯಲ್ಲ. ಕಿವಿಗೆ ಸದ್ದು ಬೀಳದಂತೆ ಮಾಡಿದರೆ ನಿಜವಾದ ಕಾರಿನಲ್ಲಿ ಕುಳಿತವರೂ ವೇಗವನ್ನು ಕಡಿಮೆ ಅಂದಾಜು ಮಾಡುತ್ತಾರೆಂದು ಪ್ರಯೋಗಗಳಲ್ಲಿ ಕಂಡಿದೆ.

ಇನ್ನು ಗಡಿಯಾರ. ಔಟ್ ರನ್ನಿನಲ್ಲಿ ಸೋಲಿಸಬೇಕಾದ ಎದುರಾಳಿ ಯಾರೂ ಇಲ್ಲ. ಮೇಲೆ ಕೆಲವು ಸೆಕೆಂಡುಗಳು ಕರಗುತ್ತಿರುತ್ತವೆ, ಮುಂದಿನ ಗಡಿ ಮುಟ್ಟಿದರೆ ಇನ್ನಷ್ಟು ಸಿಕ್ಕುತ್ತವೆ. ನಾಣ್ಯದ ಅಂಗಡಿಯವನಿಗೆ ಅದು ಲಾಭದ ಉಪಾಯ. ಆಟ ಬೇಗ ಮುಗಿದಷ್ಟೂ ಹೊಸ ನಾಣ್ಯ. ಆದರೆ ಕರಗುವ ಸೆಕೆಂಡನ್ನು ನೋಡುತ್ತ ಓಡಿಸುವವನಿಗೆ ಯಾವ ವೇಗವೂ ಸಾಲದು.

ಈಗ ಮೊದಲಿಗೆ ಮುಂದೂಡಿದ ಮಾತು. ಒಂದೇ ಪ್ರವಾಹವನ್ನು ಬಹಳ ಹೊತ್ತು ನೋಡಿದ ಕಣ್ಣು ಅದಕ್ಕೆ ಒಗ್ಗಿ, ಅದನ್ನು ಕಡಿಮೆಯೆಂದು ಅಳೆಯತೊಡಗುತ್ತದೆ. ಆಟದವರು ಅದಕ್ಕಾಗಿಯೇ ಕಮಾನಿನ ಮುಂದೆ ಬಯಲನ್ನೂ, ಬಯಲಿನ ಮುಂದೆ ತಿರುವನ್ನೂ ಇಡುತ್ತಾರೆ. ಹೆದ್ದಾರಿ ಕಟ್ಟುವವರು ಇಡುವುದಿಲ್ಲ. ಇಪ್ಪತ್ತು ವರ್ಷಗಳಿಗೂ ಹಿಂದೆ ನಾನು ನಾಲ್ಕು ಗಂಟೆಗಳ ಕಾಲ ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದು ನಮ್ಮೂರಿನ ರಸ್ತೆಗೆ ತಿರುಗಿದೆ. ಎತ್ತಿನ ಗಾಡಿಯ ನಡಿಗೆಯಲ್ಲಿ ಬರುತ್ತಿದ್ದೇನೆಂದು ನಾನು ನಂಬಿದ್ದೆ, ಬೇಸರವೇ ಆಗಿತ್ತು. ಹಳೆಯ ಸೈಕಲ್ ಟೈರೊಂದನ್ನು ಕೋಲಿನಿಂದ ಉರುಳಿಸುತ್ತ ಒಬ್ಬ ಹುಡುಗ ಬೇಲಿಯ ಸಂದಿಯಿಂದ ರಸ್ತೆಗೆ ಬಂದ. ಕಾರು ನಿಂತಾಗ ಟೈರು ಮುಂಚಕ್ರದ ಕೆಳಗಿತ್ತು. ಹುಡುಗ ಕೋಲು ಹಿಡಿದುಕೊಂಡು ಒಂದು ಮಾರು ಈಚೆ ನಿಂತಿದ್ದ. ಬ್ರೇಕು ತುಳಿಯುವ ಮುನ್ನ ಕಣ್ಣಿಗೆ ಬಿದ್ದ ಮುಳ್ಳು ಎಪ್ಪತ್ತನ್ನು ತೋರಿಸುತ್ತಿತ್ತು. ತಪ್ಪು ಪೂರ್ತಿ ನನ್ನದು, ಆದರೆ ನಾನು ಸುಳ್ಳು ಹೇಳಿಕೊಂಡಿರಲಿಲ್ಲ. ನನ್ನ ಕಣ್ಣಿಗೆ ಅದು ಮೂವತ್ತೇ ಆಗಿತ್ತು. ಬೆತ್ತದ ಕುರ್ಚಿಯಿಂದ ನೆಲವನ್ನು ಒತ್ತಿದ್ದು ಅದೇ ಕಾಲು.

ಮಂಜಿನಲ್ಲಿ ಇದು ಇನ್ನೂ ವಿಪರೀತವಾಗಬಹುದು. ಮಸುಕಾದ ಆಕೃತಿಗಳು ನಿಧಾನವಾಗಿ ಚಲಿಸುವಂತೆ ಕಾಣುತ್ತವೆಂದು ಪೀಟರ್ ಥಾಮ್ಸನ್ 1982ರಲ್ಲಿ ತೋರಿಸಿದ್ದರು. 1998ರಲ್ಲಿ ಬ್ರಿಟನ್ನಿನ ಸಂಶೋಧಕರು ಕೃತಕ ರಸ್ತೆಯನ್ನು ತೆರೆಯ ಮೇಲೆ ತೋರಿಸಿ, ಗೊತ್ತುಮಾಡಿದ ವೇಗದಲ್ಲಿ ಓಡಿಸಿರೆಂದು ಜನರಿಗೆ ಹೇಳಿದರು. ದೃಶ್ಯಕ್ಕೆ ಮಂಜು ಕವಿಸಿದಷ್ಟೂ ಅವರು ಹೆಚ್ಚು ಜೋರಾಗಿ ಓಡಿಸಿದರು. ಅವರ ಪಾಲಿಗೆ ಅವರು ವೇಗವನ್ನು ಹೆಚ್ಚಿಸಿರಲಿಲ್ಲ.

ಬ್ರಿಟನ್ನಿನಲ್ಲಿಯೇ 1970ರ ದಶಕದಲ್ಲಿ ರಸ್ತೆಯ ಎಂಜಿನಿಯರುಗಳು ಇನ್ನೊಂದು ಕೆಲಸ ಮಾಡಿದರು. ದೊಡ್ಡ ಹೆದ್ದಾರಿಯಿಂದ ಬಂದವರು ವೃತ್ತಗಳ ಬಳಿ, ನಾನು ನಮ್ಮೂರಿನ ರಸ್ತೆಯಲ್ಲಿ ಮಾಡಿದ ತಪ್ಪನ್ನೇ ಮಾಡುತ್ತಿದ್ದರು. ಅದಕ್ಕೆ ವೃತ್ತಕ್ಕೆ ಮುಂಚಿನ ರಸ್ತೆಗೆ ಅಡ್ಡಲಾಗಿ ಹಳದಿಯ ಪಟ್ಟೆಗಳನ್ನು ಬಳಿದರು. ಪಟ್ಟೆಗಳ ನಡುವಿನ ಅಂತರ ವೃತ್ತ ಹತ್ತಿರವಾದಂತೆ ಕಿರಿದಾಗುತ್ತ ಬರುತ್ತದೆ. ಕಾರು ಒಂದೇ ವೇಗದಲ್ಲಿದ್ದರೂ ಪಟ್ಟೆಗಳು ಬೇಗ ಬೇಗ, ಇನ್ನೂ ಬೇಗ ಚಕ್ರದಡಿಗೆ ಬರುತ್ತವೆ. ತನ್ನ ಕಾರು ಕೈಮೀರಿ ಓಡತೊಡಗಿತೆಂದು ಚಾಲಕನಿಗೆ ಅನ್ನಿಸಿ, ಅವನ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ.