ಮಾಗಿಯ ಚಳಿ ಮತ್ತು ತಗಡಿನ ಕಣಜ: ಹಾಸನ ಸೀಮೆಯ ಧಾನ್ಯಸಂಗ್ರಹವನ್ನು ಕುರಿತು ಒಂದು ವಿವೇಚನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಬೇಸಾಯಗಾರರ ಮನೆಗಳಲ್ಲಿ ಹಗೇವು, ವಾಡೆ, ಗುಡಾಣಗಳು ಬಹುಮಟ್ಟಿಗೆ ಮರೆಯಾಗಿವೆ. ಅವುಗಳ ಸ್ಥಾನವನ್ನು ತಗಡಿನ ಡ್ರಮ್ಮು, ಡಬ್ಬ, ಪೀಪಾಯಿಗಳು ಆಕ್ರಮಿಸಿವೆ. ಇವು ಹಗುರ, ಬೇಕಾದೆಡೆಗೆ ಎತ್ತಿ ಸಾಗಿಸಬಹುದು, ಇಲಿ ಹೆಗ್ಗಣಗಳಿಗೆ ಭೇದಿಸಲು ಅಸಾಧ್ಯ. 1960ರ ದಶಕದಲ್ಲಿ ಭಾರತ ಸರ್ಕಾರ ಕೈಗೊಂಡ ಧಾನ್ಯಸಂರಕ್ಷಣೆಯ ಆಂದೋಲನವು ಲೋಹದ ಕಣಜಗಳನ್ನು ಪ್ರಚುರಪಡಿಸಿದುದು ಈ ಗುಣಗಳಿಂದಲೇ. ಆದರೂ ಮಾಗಿಯ ದಿನಗಳಲ್ಲಿ ಇಂಥ ಡ್ರಮ್ಮಿನ ಮುಚ್ಚಳವನ್ನು ತೆರೆದಾಗ ಮೇಲಣ ಒಂದು ಗೇಣಿನಷ್ಟು ಧಾನ್ಯ ಗಂಟುಕಟ್ಟಿ, ಬೂಷ್ಟು ಹಿಡಿದು, ಮುಗ್ಗಲು ನಾರುವುದುಂಟು. ಜನವರಿಯಲ್ಲಿ ಮಳೆಯಿಲ್ಲ, ಮುಚ್ಚಳ ಭದ್ರವಾಗಿದೆ, ತಗಡಿನಲ್ಲಿ ತೂತಿಲ್ಲ. ಹಾಗಾದರೆ ಈ ನೀರು ಎಲ್ಲಿಂದ ಬಂದಿತು? ಈ ಪ್ರಶ್ನೆಯನ್ನು ಬಿಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಉಚಿತ. ನೀರು ಹೊರಗಿನಿಂದ ಬಂದುದಲ್ಲ. ಅದು ಧಾನ್ಯದ ಒಡಲಿನಿಂದಲೇ ಹೊರಟು, ತಣ್ಣನೆಯ ತಗಡನ್ನು ಮುಟ್ಟಿ, ಮತ್ತೆ ಧಾನ್ಯದ ಮೇಲೆಯೇ ಬಿದ್ದುದು.

ಒಣಗಿದಂತೆ ಕಾಣುವ ಧಾನ್ಯದಲ್ಲಿಯೂ ನೀರಿರುತ್ತದೆ. ನೂರು ಕಿಲೋಗ್ರಾಂ ರಾಗಿಯ ತೇವಾಂಶ ಶೇಕಡ 14 ಆಗಿದ್ದರೆ ಅದರಲ್ಲಿ ಹದಿನಾಲ್ಕು ಕಿಲೋಗ್ರಾಂ ನೀರಿದೆಯೆಂದೇ ಅರ್ಥ. ಈ ನೀರು ಕಾಳುಗಳ ನಡುವಣ ಗಾಳಿಯೊಡನೆ ಸದಾ ಕೊಡುಕೊಳೆಯಲ್ಲಿರುತ್ತದೆ. ಸಾಮಾನ್ಯವಾಗಿ ಏಕದಳ ಧಾನ್ಯಗಳ ತೇವ ಶೇಕಡ 14ರಷ್ಟಿದ್ದರೆ, 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಆ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 70ರಲ್ಲಿ ನಿಲ್ಲುತ್ತದೆ. ಆಗ ಒಂದು ಘನಮೀಟರ್ ಗಾಳಿಯಲ್ಲಿ ಹದಿನಾರು ಗ್ರಾಂ ಜಲಬಾಷ್ಪವಿರುತ್ತದೆ. ಇಂಥ ಗಾಳಿಯನ್ನು ತಣಿಸುತ್ತ ಹೋದರೆ 19 ಡಿಗ್ರಿಯ ಹತ್ತಿರ ಅದು ಪೂರ್ಣ ತೃಪ್ತವಾಗುತ್ತದೆ. ಅದಕ್ಕಿಂತ ಕೆಳಗೆ ನೀರಹನಿ ಮೂಡಲೇಬೇಕು. ಇದಕ್ಕೆ ಇಬ್ಬನಿಬಿಂದುವೆಂದು ಹೆಸರು.

ಇನ್ನು ನಮ್ಮ ಸೀಮೆಯ ಹವೆಯನ್ನು ನೋಡೋಣ. ಹಾಸನ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 27, 28 ಡಿಗ್ರಿಗೆ ಏರಿ, ಬೆಳಗಿನ ಜಾವದಲ್ಲಿ 15 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಲ್ಲ. ಶೀತದೇಶಗಳವರು ಇದನ್ನು ಚಳಿಯೆಂದೇ ಕರೆಯಲಾರರು. ಆದರೆ ಧಾನ್ಯದ ದೃಷ್ಟಿಯಿಂದ ಮುಖ್ಯವಾದುದು ಚಳಿಯ ತೀವ್ರತೆಯಲ್ಲ, ಹಗಲಿರುಳುಗಳ ಅಂತರ. ಮೇಲೆ ಹೇಳಿದ ಇಬ್ಬನಿಬಿಂದುವನ್ನು ದಾಟಿ ಇಳಿಯಲು ಈ ಚಳಿಯೇ ಸಾಕು. ಅಂಗಳದಲ್ಲಿಟ್ಟ ಡ್ರಮ್ಮಿನ ಮುಚ್ಚಳವಂತೂ ನಿರ್ಮಲವಾದ ಆಕಾಶಕ್ಕೆ ತನ್ನ ಶಾಖವನ್ನು ಸೂಸಿ, ಸುತ್ತಣ ಗಾಳಿಗಿಂತಲೂ ಕೆಲವು ಡಿಗ್ರಿ ಹೆಚ್ಚು ತಣ್ಣಗಾಗುತ್ತದೆ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕಾಣುವುದೂ ಇದೇ ಕಾರಣದಿಂದ.

ಇಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ಅರ್ಧ ಟನ್ ರಾಗಿ ಹಿಡಿಸುವ ಕಣಜದಲ್ಲಿ ಕಾಳುಗಳ ನಡುವೆ ಇರುವ ಗಾಳಿ ಕಾಲು ಘನಮೀಟರಿನಷ್ಟು ಮಾತ್ರ. ಅದು ತಣಿದರೆ ಹೊರಬೀಳುವ ನೀರು ಒಂದು ಗ್ರಾಮಿನ ಆಸುಪಾಸು. ಇಷ್ಟರಿಂದ ಏನು ಕೆಟ್ಟೀತು? ಆಕ್ಷೇಪ ಸರಿಯೇ, ಆದರೆ ಗಾಳಿ ನಿಶ್ಚಲವಾಗಿರುವುದಿಲ್ಲ. ರಾಶಿಯ ಮಧ್ಯದ ಬೆಚ್ಚನೆಯ ಗಾಳಿ ಮೇಲೇರುತ್ತದೆ; ಗೋಡೆಯ ಬಳಿಯ ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ. ನೀರನ್ನು ಕಳೆದುಕೊಂಡ ಗಾಳಿಗೆ ಕಾಳುಗಳು ಮತ್ತೆ ನೀರನ್ನು ಕೊಡುತ್ತವೆ. ಈ ಪರಿಚಲನೆ ರಾತ್ರಿಯಿಡೀ, ಮಾಗಿಯುದ್ದಕ್ಕೂ ನಡೆಯುತ್ತಿರುತ್ತದೆ. ಇಡೀ ರಾಶಿಯ ಸರಾಸರಿ ತೇವ ಬದಲಾಗದೆ ಇರಬಹುದು. ಆದರೆ ಅದು ಮೇಲಿನ ಪದರದಲ್ಲಿ ಬಂದು ಕೂಡಿಕೊಳ್ಳುತ್ತದೆ. ಬೂಷ್ಟಿಗೆ ಬೇಕಾದುದು ಅಷ್ಟೆ.

ಹಳೆಯ ಪಾತ್ರೆಗಳಲ್ಲಿ ಈ ತೊಂದರೆ ಏಕೆ ಇಷ್ಟಾಗಿ ಕಾಣಿಸುತ್ತಿರಲಿಲ್ಲ? ಉಕ್ಕಿನ ಉಷ್ಣವಾಹಕತೆಯನ್ನು 50 ಎಂದಿಟ್ಟುಕೊಂಡರೆ ಸುಟ್ಟ ಮಣ್ಣಿನದು ಒಂದರ ಆಸುಪಾಸು, ಧಾನ್ಯರಾಶಿಯದು 0.15ರ ಹತ್ತಿರ. ಮೇಲಾಗಿ ತಗಡು ಬಹು ತೆಳು, ವಾಡೆಯ ಗೋಡೆ ದಪ್ಪ. ತಗಡು ರಾತ್ರಿಯ ಚಳಿಯನ್ನು ತಕ್ಷಣವೇ ಒಳಕ್ಕೆ ತಲಪಿಸುತ್ತದೆ. ನಡುಮನೆಯ ಕತ್ತಲೆಯಲ್ಲಿ ನಿಂತ ವಾಡೆ ತಣಿಯುವ ಮೊದಲೇ ಬೆಳಗಾಗುತ್ತದೆ. ಅದಲ್ಲದೆ ಮಣ್ಣು, ಸಗಣಿ ಬಳಿದ ಬಿದಿರು ಇವು ಅಲ್ಪಸ್ವಲ್ಪ ತೇವವನ್ನು ತಾವೇ ಹೀರಿಕೊಂಡು ಹೊರಬಿಡುತ್ತವೆ. ಹನಿಯಾಗಲು ಅವಕಾಶ ಕೊಡುವುದಿಲ್ಲ. ಹಗೇವಿನ ವಿಚಾರ ಇನ್ನೂ ಸ್ಪಷ್ಟ. ಹಗಲಿರುಳಿನ ಉಷ್ಣತೆಯ ಏರಿಳಿತ ನೆಲದಲ್ಲಿ ಒಂದು ಮೀಟರ್ ಆಳಕ್ಕೆ ಇಳಿಯುವುದರೊಳಗೆ ಅಡಗಿಹೋಗುತ್ತದೆ. ಆದುದರಿಂದ ಹಗೇವಿನಲ್ಲಿ ತಣ್ಣನೆಯ ಗೋಡೆಯೆಂಬುದೇ ಇಲ್ಲ. ಅದಕ್ಕೆ ಬೇರೆ ಅಪಾಯವಿತ್ತು: ಧಾನ್ಯದ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ತುಂಬಿ, ಅವಸರದಲ್ಲಿ ಇಳಿದವರು ಪ್ರಾಣ ಕಳೆದುಕೊಳ್ಳಬಹುದಾಗಿತ್ತು. ಮೊದಲು ದೀಪವನ್ನು ಇಳಿಬಿಟ್ಟು ನೋಡುವ ವಾಡಿಕೆ ಅದರಿಂದ ಬಂದುದು.

ಪಾತ್ರೆಯೊಂದೇ ಬದಲಾಗಿಲ್ಲ, ಒಕ್ಕಣೆಯೂ ಬದಲಾಗಿದೆ. ಹಿಂದೆ ರಾಗಿಯನ್ನು ಕೊಯ್ದು, ಮೆದೆ ಒಟ್ಟಿ, ವಾರಗಟ್ಟಲೆ ಬಿಟ್ಟು, ಸಂಕ್ರಾಂತಿಯ ಆಚೀಚೆ ಕಣದಲ್ಲಿ ಗುಂಡು ಹೊಡೆದು ಒಕ್ಕುತ್ತಿದ್ದರು. ತೆನೆ ಮೆದೆಯಲ್ಲಿಯೇ ಒಣಗುತ್ತಿತ್ತು. ಇಂದು ಕಟಾವು ಯಂತ್ರ ಒಂದೇ ದಿನದಲ್ಲಿ ಕೊಯ್ದು, ಬಡಿದು, ಕಾಳನ್ನು ಸುರಿಯುತ್ತದೆ. ಕೂಲಿಯ ಅಭಾವದಲ್ಲಿ ಇದು ದೊಡ್ಡ ಅನುಕೂಲವೇ ಸರಿ. ಆದರೆ ಮೆದೆಯಲ್ಲಿ ಕಳೆಯುತ್ತಿದ್ದ ತೇವ ಈಗ ಕಾಳಿನೊಡನೆ ಡ್ರಮ್ಮಿಗೆ ಬರುತ್ತದೆ.

ಇದೇ ಕ್ರಿಯೆ ಹಿರಿದಾದ ಪ್ರಮಾಣದಲ್ಲಿ ನಡೆಯುವುದನ್ನು ನಮ್ಮ ಜಿಲ್ಲೆಯ ಇನ್ನೊಂದು ಬೆಳೆಯಲ್ಲಿ ಕಾಣಬಹುದು. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್ಲೀನ್ ಎಂಬ ಅಮೆರಿಕದ ಉದ್ಯಮಿ 58 ಪೆಟ್ಟಿಗೆಗಳನ್ನು ‘ಐಡಿಯಲ್ ಎಕ್ಸ್’ ಹಡಗಿನಲ್ಲಿ ನ್ಯೂಯಾರ್ಕ್ ಬಂದರು ಪ್ರದೇಶದಿಂದ ಹ್ಯೂಸ್ಟನ್ನಿಗೆ ಕಳುಹಿಸಿದಂದಿನಿಂದ ಉಕ್ಕಿನ ಕಂಟೇನರು ಲೋಕದ ಸರಕು ಸಾಗಣೆಯ ಸಾಧನವಾಯಿತು. ಸಕಲೇಶಪುರ, ಬೇಲೂರು ಕಡೆಯ ಕಾಫಿಯೂ ಹೀಗೆಯೇ ಯೂರೋಪಿಗೆ ಹೋಗುತ್ತದೆ. 20 ಅಡಿ ಉದ್ದದ ಕಂಟೇನರಿನಲ್ಲಿ ಸುಮಾರು 19 ಟನ್ ಕಾಫಿಬೀಜ ಹಿಡಿಸುತ್ತದೆ. ಅದರೊಳಗೆ ಎರಡು ಟನ್ನಿನಷ್ಟು ನೀರು ಅಡಗಿರುತ್ತದೆ. ಕರಾವಳಿಯ ಸೆಕೆಯಲ್ಲಿ ತುಂಬಿದ ಪೆಟ್ಟಿಗೆ ಉತ್ತರದ ಚಳಿಗಾಲದ ಬಂದರನ್ನು ಮುಟ್ಟುವಾಗ ಅದರ ಛಾವಣಿಯ ಒಳಮೈಯಿಂದ ನೀರು ತೊಟ್ಟಿಕ್ಕುತ್ತದೆ. ನಾವಿಕರು ಇದನ್ನು ‘ಕಂಟೇನರ್ ಮಳೆ’ ಎನ್ನುತ್ತಾರೆ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ರಫ್ತಿನ ಬೀಜದ ತೇವ ಶೇಕಡ 12.5ನ್ನು ಮೀರಬಾರದೆಂದು ಹೇಳಿರುವುದಕ್ಕೂ, ವರ್ತಕರು ಪೆಟ್ಟಿಗೆಯ ಒಳಗೋಡೆಗೆ ಕಾಗದ ಹೊದಿಸಿ ತೇವ ಹೀರುವ ಚೀಲಗಳನ್ನು ತೂಗುಹಾಕುವುದಕ್ಕೂ ಇದು ಒಂದು ಕಾರಣ. ಹಳೆಯ ಕಂಟೇನರನ್ನು ಕೊಂಡು ಹೊಲದ ಬದಿಯಲ್ಲಿ ಉಗ್ರಾಣವಾಗಿ ನಿಲ್ಲಿಸುವವರು ಇದನ್ನು ನೆನಪಿನಲ್ಲಿಡತಕ್ಕದ್ದು. ಆಲೂಗಡ್ಡೆಯನ್ನಂತೂ ಅಂಥ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಲೇಬಾರದು. ಅದರ ಐದರಲ್ಲಿ ನಾಲ್ಕು ಪಾಲು ನೀರು, ಮತ್ತು ಅದು ಸದಾ ಉಸಿರಾಡುತ್ತಿರುವ ಗಡ್ಡೆ.

ಹಾಗೆಂದು ತಗಡನ್ನು ತ್ಯಜಿಸಿ ಹಗೇವಿಗೆ ಮರಳಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಕಾರಣ ತಿಳಿದರೆ ಪರಿಹಾರ ಸುಲಭ. ಧಾನ್ಯವನ್ನು ಶೇಕಡ 11ರ ಹತ್ತಿರಕ್ಕೆ ಒಣಗಿಸಿದರೆ ಕಾಳುಗಳ ನಡುವಣ ಗಾಳಿಯ ಆರ್ದ್ರತೆ ಸುಮಾರು ಶೇಕಡ 50ಕ್ಕೆ ಇಳಿಯುತ್ತದೆ. ಇಬ್ಬನಿಬಿಂದು 14 ಡಿಗ್ರಿಗೆ ಬರುತ್ತದೆ. ಪಾತ್ರೆಯನ್ನು ಅಂಗಳದಿಂದ ಮನೆಯೊಳಕ್ಕೆ ತಂದರೆ ತಗಡು ಅಷ್ಟು ತಣ್ಣಗಾಗುವುದು ವಿರಳ. ಈ ಎರಡು ಎಚ್ಚರಿಕೆಗಳು ಕೂಡಿದರೆ ಹನಿ ಮೂಡುವ ಸಂಭವ ಬಹುಮಟ್ಟಿಗೆ ತಪ್ಪುತ್ತದೆ. ಬಿಸಿಲಿನಿಂದ ತೆಗೆದ ಕಾಳನ್ನು ಬಿಸಿಯಾಗಿಯೇ ತುಂಬದೆ ನೆರಳಿನಲ್ಲಿ ಆರಿಸಬೇಕು. ಡ್ರಮ್ಮನ್ನು ಹಲಗೆಯ ಮೇಲೆ, ಗೋಡೆಯಿಂದ ದೂರವಿಟ್ಟು ಗೋಣಿ ಹೊದಿಸಬೇಕು. ಮುಚ್ಚಳದ ಕೆಳಗೆ ಒಣಹುಲ್ಲಿನ ಮೆತ್ತೆಯನ್ನಿಟ್ಟು ಆಗಾಗ ಬದಲಿಸಬೇಕು. ತೆರೆದು ನೋಡುವುದಾದರೆ ಮಂಜು ಕವಿದ ಬೆಳಿಗ್ಗೆ ಬೇಡ, ಒಣಹವೆಯ ಮಧ್ಯಾಹ್ನ ಲೇಸು.

ತೇವವನ್ನು ಅಳೆಯುವ ಯಂತ್ರವಿಲ್ಲದಿದ್ದರೆ ಒಣ ಗಾಜಿನ ಸೀಸೆಯೊಂದರಲ್ಲಿ ಸ್ವಲ್ಪ ಕಾಳು, ಸ್ವಲ್ಪ ಒಣ ಉಪ್ಪಿನ ಪುಡಿ ಹಾಕಿ ಕೆಲವು ನಿಮಿಷ ಕುಲುಕಿ ಬಿಡಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡರೆ ತೇವ ಶೇಕಡ 15ಕ್ಕಿಂತ ಹೆಚ್ಚು ಎಂದು ತಿಳಿಯಬಹುದು. ಅಂಟದಿದ್ದ ಮಾತ್ರಕ್ಕೆ ಒಣಗುವಿಕೆ ಮುಗಿಯಿತೆಂದು ಭಾವಿಸಬಾರದು. ಇನ್ನೂ ಒಂದೆರಡು ಬಿಸಿಲು ಕಾಣಿಸುವುದು ಕ್ಷೇಮ.

ಈ ವಿಚಾರವನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವಿದೆ. ಮುಗ್ಗಿದ ಮುಸುಕಿನ ಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು; ಅದು ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಬಿತ್ತನೆಯ ಬೀಜದ ನಷ್ಟ ಇನ್ನೂ ಗುಪ್ತವಾದುದು. ತೇವ ಶೇಕಡ ಒಂದರಷ್ಟು ಇಳಿದಂತೆಲ್ಲ ಬೀಜದ ಆಯುಸ್ಸು ಇಮ್ಮಡಿಯಾಗುತ್ತದೆಂಬುದು ಹ್ಯಾರಿಂಗ್ಟನ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಪ್ರಸಿದ್ಧವಾದ ಸ್ಥೂಲನಿಯಮ. ತೇವ ಏರಿದರೆ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ. ಮಾಗಿಯಲ್ಲಿ ನೆನೆದು ಒಣಗಿದ ರಾಗಿ ಕಣ್ಣಿಗೆ ಚೆನ್ನಾಗಿಯೇ ಕಂಡೀತು. ಮುಂಗಾರಿನಲ್ಲಿ ಬಿತ್ತಿ, ಮೊಳಕೆ ಬಾರದೆ ಹೋದಾಗ ಮಾತ್ರ ಅದರ ನಿಜಸ್ಥಿತಿ ತಿಳಿಯುವುದು. ಆಗ ಹದ ಕಳೆದಿರುತ್ತದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಮನೆಗಳಿಂದಲೇ ಬಂದವರು. ಈ ಮಾಗಿಯಲ್ಲಿ ಎರಡು ಡಬ್ಬಗಳನ್ನು, ಒಂದನ್ನು ಅಂಗಳದಲ್ಲಿ, ಇನ್ನೊಂದನ್ನು ನಡುಮನೆಯಲ್ಲಿ ಇಟ್ಟು, ಉಷ್ಣಮಾಪಕದೊಡನೆ ಬೆಳಿಗ್ಗೆ ಮುಚ್ಚಳದ ಒಳಮೈಯನ್ನು ಪರೀಕ್ಷಿಸಿದರೆ ಭೌತಶಾಸ್ತ್ರದ ಒಂದು ಪಾಠವನ್ನು ಕಣ್ಣಾರೆ ಕಂಡಂತಾಗುತ್ತದೆ. ಮನೆಯ ಬಿತ್ತನೆಯ ರಾಗಿಯೂ ಉಳಿಯುತ್ತದೆ.